ಮೂರು ಕಿಲೋಮೀಟರ್ ವಾಕಿಟಾಕಿ

ಮಗಳ ಆಟಕ್ಕೆಂದು ವಾರವಿಡೀ ಹುಡುಕಿ ಆರಿಸಿದ್ದ ವಾಕಿಟಾಕಿಯನ್ನು ಅವನು ಅಂಗಡಿಯ ಮೇಜಿನ ಮೇಲೆ ಕುಕ್ಕಿದ.

"ಮೂರು ಕಿಲೋಮೀಟರ್ ಕೇಳಿಸುತ್ತೆ ಅಂದ್ರಲ್ಲ ಸ್ವಾಮಿ? ನಮ್ಮ ಬಾಲ್ಕನಿಯಿಂದ ಮೈದಾನಕ್ಕೆ ಇನ್ನೂರ ಹತ್ತು ಹೆಜ್ಜೆ, ನಾನೇ ಅಳೆದಿದ್ದೀನಿ. ಮನೆಗೆ ಬಾ ಅಂತ ಇದರಲ್ಲಿ ಗಂಟಲು ಹರಿಯೋ ಹಾಗೆ ಕಿರುಚಿದೆ. ಅವಳಿಂದ ಹೂಂ ಇಲ್ಲ, ಉಹೂಂ ಇಲ್ಲ!"

"ಸೆಲ್ ಹೋಗಿದೆಯೇನೋ ಸಾರ್."

"ನನಗೆ ಪಾಠ ಹೇಳಬೇಡಿ. ಎರಡಕ್ಕೂ ಇವತ್ತೇ ಹೊಸದು ಹಾಕಿದ್ದೀನಿ. ಇದಕ್ಕಿಂತ ದೂರ ಕೇಳಿಸೋದು ಕೊಡಿ."

"ಇದರ ಜೊತೆಯದು ಎಲ್ಲಿ?"

"ಅವಳ ಕೈಯಲ್ಲೇ ಇದೆ. ಇನ್ನೂ ಮೈದಾನದಲ್ಲೇ ಕುಣೀತಿದ್ದಾಳೆ."

ವಯಸ್ಸಾದ ಅಂಗಡಿಯವರು ಅದನ್ನು ಎತ್ತಿಕೊಂಡು, ಗುಂಡಿ ಒತ್ತಿ, ಮೆಲ್ಲಗೆ ಕೇಳಿದರು: "ಪುಟ್ಟಮ್ಮಾ, ಕೇಳಿಸ್ತಿದೆಯಾ?"

ಮರುಕ್ಷಣವೇ ಉತ್ತರ ಬಂತು: "ಕೇಳಿಸ್ತಿದೆ ತಾತಾ. ಅಪ್ಪನ ಕೋಪ ಇಳೀತಾ?"