ಕಟ್ಟೆಮನೆಯ ಕಾಯಿ

ಅದು ಬೀದಿಯ ಹಿರಿಯರೆಲ್ಲ ಕಾಫಿಯ ಜೊತೆಗೆ, ನೆನಪು ಚುರುಕಾಗಲೆಂದು ಮಿದುಳಿಗೆ ಸಣ್ಣಗೆ ವಿದ್ಯುತ್ ಹರಿಸುವ ಟೋಪಿ ಹಾಕಿಕೊಂಡು ಕೂರುವ ಬೆಳಗಿನ ಹೊತ್ತು. ಮರೆವಿನ ಕಾಯಿಲೆಯ ಮಂಗಳಮ್ಮನ ತಲೆಯ ಮೇಲೂ ಅದು ಗುಂಯ್‌ಗುಡುತ್ತಿತ್ತು. ಎದುರಿಗೆ ಚೌಕಾಬಾರ ಆಡುತ್ತಿದ್ದ ಗಂಡ ಲಿಂಗರಾಜಯ್ಯ, ಕವಡೆ ಮೂರು ಬಿದ್ದರೂ ಕಾಯಿಯನ್ನು ನಾಲ್ಕು ಮನೆ ನಡೆಸಿದರು. ಎರಡು ತಿಂಗಳಿಂದ ದಿನಾ ಹೀಗೇ ಮೋಸ ಮಾಡುತ್ತಿದ್ದರು, ಹೆಂಡತಿ ಹಿಡಿಯಲಿ ಎಂದೇ. ದಿನಾ ಗೆದ್ದು, ಸೋತ ಮುಖ ಹೊತ್ತು ಏಳುತ್ತಿದ್ದರು.

ಇವತ್ತು ಮಂಗಳಮ್ಮ ಅವರ ಕೈಯನ್ನು ಗಪ್ಪನೆ ಹಿಡಿದರು.

"ರೀ, ಬಿದ್ದಿದ್ದು ಮೂರು. ಕಾಯಿ ಹಿಂದಕ್ಕಿಡಿ."

"ಎಣಿಕೆ ತಪ್ತು ಕಣೇ," ಎನ್ನುತ್ತ ಲಿಂಗರಾಜಯ್ಯ ಕಾಯಿಯನ್ನು ಒಂದು ಮನೆ ಹಿಂದಕ್ಕಿಟ್ಟರು.

"ನಿನ್ನೆನೂ ತಪ್ಪಿತ್ತಾ? ಕಟ್ಟೆಮನೇಲಿ ಕೂತಿದ್ದ ನನ್ನ ಕಾಯೀನ ಕಡಿದ್ರಲ್ಲ, ಆ ಮನೇಲಿರೋದನ್ನ ಯಾರಾದ್ರೂ ಕಡೀತಾರಾ?"

ಲಿಂಗರಾಜಯ್ಯ ಅವತ್ತು ಸೋತರು. ಸೋತದ್ದನ್ನು ಬೀದಿಯ ಮನೆಮನೆಗೂ ಹೋಗಿ ಹೇಳಿಕೊಂಡು ಬಂದರು.