ಬಾನಿಯಲ್ಲಿ ಬೆರೆತ ನೀರು

ಬಣ್ಣದ ಬಾನಿಯಿಂದ ಎತ್ತಿದ ನೂಲಿನ ಲಡಿ ತೆಳು ನೀಲಿಯಾಗಿತ್ತು, ಒಗೆದು ಒಗೆದು ಸವೆದ ಅಂಗಿಯ ಹಾಗೆ. ಬಣ್ಣಗಾರ ಮುದುಕ ಅದನ್ನು ಬೆಳಕಿಗೆ ಹಿಡಿದ, ಹಿಂಡಿದ, ಮತ್ತೆ ಹಿಡಿದ. ನೇಕಾರ ಕೇಳಿದ್ದು ಕಡುನೀಲಿ. ಸಂಜೆಗೆ ಬಂದು ಒಯ್ಯುವವನಿದ್ದ.

“ಏನಮ್ಮ, ಬಾ ಇಲ್ಲಿ. ಇದೇನು ನೀಲಿಯೋ, ನೀಲಿಯ ನೆರಳೋ?”

ಸೊಸೆ ಕೈ ಒರೆಸಿಕೊಳ್ಳುತ್ತ ಬಂದಳು. ಲಡಿ ನೋಡಿದವಳ ಮುಖ ಬಿಳಿಚಿತು.

“ಬಣ್ಣ ಹಳೇದಿರಬೇಕು ಮಾವ.”

“ಬಣ್ಣ ಹೊಸದು, ಕಣ್ಣೂ ಹೊಸದು. ಇನ್ಯಾರ ಮೇಲೆ ಹಾಕ್ತೀಯ?”

ಕಣ್ಣಿನ ಪೊರೆ ತೆಗೆಸಿ ತಿಂಗಳಾಗಿತ್ತಷ್ಟೆ. ಪೊರೆಯ ಜೊತೆಗೆ ಕಣ್ಣೊಳಗಿನ ಒತ್ತಡವೂ ಏರಿತ್ತಂತೆ. ಒಂದೇ ಸಲಕ್ಕೆ ಎರಡಕ್ಕೂ ಶಸ್ತ್ರಕ್ರಿಯೆ ಮಾಡಿ ಮುಗಿಸಿದ್ದರು. “ಪೊರೆ ಮುಚ್ಚಿದ್ದು ಮರಳಿ ಬರುತ್ತೆ ಅಜ್ಜ, ಒತ್ತಡ ತಿಂದದ್ದು ಬರಲ್ಲ” ಎಂದಿದ್ದರು ಡಾಕ್ಟರು. ಹಾಗೇ ಆಯಿತು. ಎದುರಿಗಿದ್ದದ್ದು ತೊಳೆದಿಟ್ಟಂತೆ ಹೊಳೆಯಿತು; ಪಕ್ಕದ್ದನ್ನು ನೋಡಲು ಎತ್ತಿನ ಹಾಗೆ ಇಡೀ ಕತ್ತು ತಿರುಗಿಸಬೇಕಿತ್ತು. ಕೊಟ್ಟಷ್ಟಕ್ಕೇ ದೇವರಿಗೆ ಕೈ ಮುಗಿದು, ಶಸ್ತ್ರಕ್ರಿಯೆಯ ಬಳಿಕ ಇವತ್ತು ಮೊದಲ ಸಲ ಬಾನಿಯ ಮುಂದೆ ನಿಂತಿದ್ದ.

ಅಳತೆಯ ಪಾತ್ರೆ ಅವನಲ್ಲಿ ಎಂದೂ ಇರಲಿಲ್ಲ. ಬಿಳಿ ಬಟ್ಟೆಯ ಮೇಲೆ ಒಂದು ಹನಿ ಬಿಟ್ಟು ನೋಡುವುದು, ಮನಸ್ಸು ಸಾಕೆನ್ನುವವರೆಗೆ ಬಣ್ಣ ಸುರಿಯುವುದು. ಅವನ ಕೈಯ ನೀಲಿ ಒಂದು ದಿನವೂ ತಪ್ಪಿದ್ದಿಲ್ಲವೆಂದು ಊರೇ ಹೇಳುತ್ತಿತ್ತು.

“ಬೆಳಗ್ಗೆ ಹನಿ ಬಿಟ್ಟು ನೋಡ್ದಾಗ ಸರಿಯಾಗೇ ಇತ್ತು. ಆಮೇಲೆ ಬಾನಿ ಮುಟ್ಟಿದ್ದು ಯಾರು?”

ಸೊಸೆ ಬಗ್ಗಿ ಬಾನಿಯ ಕೆಳಗಿನ ಕಟ್ಟಿಗೆ ಮುಂದೆ ತಳ್ಳಿದಳು.

“ಪಾಪ, ಬೆಕ್ಕು ಮುಟ್ಟಿರಬೇಕು” ಎಂದ ಮುದುಕ.

“ನಾನೇ ಮಾವ. ನೀರು ಹಾಕ್ದೆ.” ಅವಳು ನೆಲ ನೋಡುತ್ತ ಹೇಳಿದಳು. “ಪೊರೆ ಬಂದ್ಮೇಲೆ ನಿಮಗೆ ನೀಲಿ ಮಂಕಾಗಿ ಕಾಣ್ತಿತ್ತು. ಸಾಲದು, ಸಾಲದು ಅಂತ ಬಣ್ಣ ಸುರೀತಾನೇ ಇದ್ರಿ. ನೂಲು ಕಪ್ಪಿಗೆ ತಿರುಗ್ತಿತ್ತು. ನೀವು ಊಟಕ್ಕೆ ಎದ್ದಾಗ ಒಂದೆರಡು ಕೊಡ ಬೆರೆಸಿಬಿಡ್ತಿದ್ದೆ. ಇವತ್ತೂ ನೋಡದೇನೇ ಬೆರೆಸಿಬಿಟ್ಟೆ, ರೂಢಿ.”

ಮುದುಕ ಲಡಿಯನ್ನು ಮೆಲ್ಲಗೆ ತಂತಿಯ ಮೇಲೆ ಹಾಕಿದ. ಅವಳ ಮುಖ ಕಾಣಲು ಕತ್ತು ಪೂರ್ತಿ ತಿರುಗಿಸಿದ.

“ಯಾರು ಹೇಳಿಕೊಟ್ರು ಇದನ್ನ?”

“ಅತ್ತೆ. ಹಾಸಿಗೆ ಹಿಡಿದಾಗ.”

“ಅವಳೂ ಬೆರೆಸ್ತಿದ್ಲಾ?”

“ಹ್ಞೂಂ.”

“ಒಂದು ಮಾತು ನನ್ನ ಹತ್ರ ಹೇಳಬಾರದಿತ್ತಾ, ಪುಣ್ಯಾತ್ಗಿತ್ತಿ!”

“ನಾನೂ ಕೇಳಿದ್ದೆ. ‘ಹೇಳಿದ್ರೆ ಅವರ ಕೈ ನಡುಗೋಕೆ ಶುರುವಾಗುತ್ತೆ ಕಣೇ. ನೀರು ತಾನೇ, ಹಾಕಿಬಿಡು’ ಅಂದ್ರು.”

ಬಾನಿಯ ಕೆಳಗೆ ಕಟ್ಟಿಗೆ ಚಿಟಪಟ ಎಂದಿತು. ನೇಕಾರ ಬರುವಷ್ಟರಲ್ಲಿ ಬಣ್ಣ ಕೂಡಿಸಿ ಲಡಿಯನ್ನು ಇನ್ನೊಮ್ಮೆ ಅದ್ದಬೇಕಿತ್ತು. ಮುದುಕ ಸೌಟು ಎತ್ತಿದ. ಅದನ್ನು ಹಿಡಿದ ಕೈ ನಡುಗುತ್ತಿತ್ತು. ಈಗ ಅದೂ ಅವನಿಗೆ ಚೆನ್ನಾಗಿ ಕಾಣುತ್ತಿತ್ತು.