ಜಾರಿದ ಗಂಟು

ಆ ಒಂದು ನಿಮಿಷವನ್ನು ಕತ್ತರಿಸಿಹಾಕಲು ಡಾಕ್ಟರ್ ನೆಲಿದಾಳ ಬೆರಳು ಗುಂಡಿಯ ಮೇಲೆ ನಿಂತಿತ್ತು. ಸುಕ್ರೆ ಪಟ್ಟಣದ ವೈದ್ಯಕೀಯ ಕಾಲೇಜಿನ ಹುಡುಗರಿಗೆಂದು ಹಂದಿಕಾಲಿನ ಮೇಲೆ ಹೊಲಿಗೆ ಹಾಕಿ ತೋರಿಸಿದ ನಲವತ್ತು ನಿಮಿಷದ ವಿಡಿಯೊ ಅದು. ಇಪ್ಪತ್ತಮೂರನೇ ನಿಮಿಷವನ್ನು ಮಾತ್ರ ಇನ್ನೂರು ಸಲ ಹಿಂದಕ್ಕೆಳೆದು ನೋಡಿದ್ದಾರೆಂದು ಕಂಪ್ಯೂಟರು ಹೇಳುತ್ತಿತ್ತು. ಅಲ್ಲೇ ಅವಳ ಗಂಟು ಜಾರಿತ್ತು. "ಅಯ್ಯೋ ನನ್ನವ್ವಾ!" ಎಂದು ಗೊಣಗಿ, ಬಿಚ್ಚಿ, ಮತ್ತೆ ಹಾಕಿದ್ದಳು. ಮೂವತ್ತು ವರ್ಷ ಆಪರೇಷನ್ ಮಾಡಿದ ಕೈ ಈಗ ಹುಡುಗರೆದುರು ನಗೆಪಾಟಲಾಯಿತಲ್ಲ!

ಬಾಗಿಲಲ್ಲಿ ಕೊನೇ ಬೆಂಚಿನ ಯೊವಾನಾ, ಪೇಪರಿನಲ್ಲಿ ಸುತ್ತಿದ ಹಂದಿಕಾಲು ಹಿಡಿದು ನಿಂತಿದ್ದಳು. "ನನ್ನ ಹೊಲಿಗೆ ಬೇಗ ನೋಡ್ಬಿಡಿ ಡಾಕ್ಟ್ರಮ್ಮ, ಇದನ್ನ ಸೂಪಿಗೆ ಹಾಕೋಕೆ ಅಮ್ಮ ಕಾಯ್ತಿದ್ದಾಳೆ."

"ಅದಿರ್ಲಿ. ನನ್ನ ಗಂಟು ಜಾರಿದ್ದು ನೋಡಿ ಎಷ್ಟು ನಕ್ರಿ, ಅದನ್ನ ಹೇಳು."

"ನಗೋದಾ?" ಹುಡುಗಿ ಕಣ್ಣರಳಿಸಿದಳು. "ನಮ್ದೂ ಅಲ್ಲೇ ಜಾರೋದು ಡಾಕ್ಟ್ರಮ್ಮ. ಮಿಕ್ಕ ಗಂಟನ್ನೆಲ್ಲ ಎಷ್ಟು ಬೇಗ ಹಾಕ್ತೀರ ಅಂದ್ರೆ, ಕೈ ಹೆಂಗೆ ಹೋಯ್ತು ಅಂತಾನೇ ಗೊತ್ತಾಗಲ್ಲ. ಅದೊಂದನ್ನ ಮಾತ್ರ ನಿಧಾನಕ್ಕೆ ಬಿಚ್ಚಿ, ಯಾಕೆ ಜಾರ್ತು ಅಂತ ಹೇಳ್ಕೊಂಡು ಹಾಕಿದ್ರಿ. ನಿಲ್ಸಿ ನಿಲ್ಸಿ ನೋಡಿ, ನಾವೂ ಜೊತೆಗೇ ಹಾಕಿದ್ವಿ."

"ಮಿಕ್ಕ ಮೂವತ್ತೊಂಬತ್ತು ನಿಮಿಷ?"

ಯೊವಾನಾ ನೆಲ ನೋಡಿದಳು. "ನಿದ್ದೆ ಬಂತು ಡಾಕ್ಟ್ರಮ್ಮ."

ನೆಲಿದಾ ಪೇಪರು ಬಿಡಿಸಿ, ಹುಡುಗಿ ಹಾಕಿದ್ದ ಗಂಟನ್ನು ಉಗುರಿನಿಂದ ಎಳೆದು ನೋಡಿದಳು. ಅದು ಜಗ್ಗಲಿಲ್ಲ. ಆಮೇಲೆ ಕಂಪ್ಯೂಟರಿನತ್ತ ತಿರುಗಿ, ತನ್ನ ಗಂಟು ಜಾರಿದ ನಿಮಿಷವೊಂದನ್ನು ಉಳಿಸಿಕೊಂಡು, ಮಿಕ್ಕ ಮೂವತ್ತೊಂಬತ್ತನ್ನೂ ಕತ್ತರಿಸಿ ಎಸೆದಳು.